ನಿಂತ ನೀರಿನ ತಾಳೆಕಾಡು

ಆಸ್ಟ್ರೇಲಿಯಾದ ಈಶಾನ್ಯದಲ್ಲಿ, ಟೌನ್ಸ್‌ವಿಲ್ ಆಸುಪಾಸಿನಿಂದ ಕುಕ್‌ಟೌನ್‌ವರೆಗೆ ಸುಮಾರು 450 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ ಬೆಟ್ಟಸಾಲು ಕಡಲಿಗೆ ತೀರ ಹತ್ತಿರ ಬಂದು ನಿಲ್ಲುತ್ತದೆ. ಕಡಲಿನಿಂದ ಬೀಸುವ ಗಾಳಿ ಹೊತ್ತು ತರುವ ತೇವ ಈ ಬೆಟ್ಟಗಳಿಗೆ ಬಡಿದು ಮಳೆಯಾಗಿ ಸುರಿಯುವುದರಿಂದ ಟಲ್ಲಿ ಎಂಬ ಸಣ್ಣ ಪಟ್ಟಣ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಕಂಡರೆ, ಬೆಲೆಂಡೆನ್ ಕರ್ ಶಿಖರದಲ್ಲಿ ಅದು ಸರಾಸರಿ 8,000 ಮಿಲಿಮೀಟರಿನಷ್ಟಾಗುತ್ತದೆ. ಹೀಗೆ ಸುರಿದ ನೀರು ಕಡಿದಾದ ಇಳಿಜಾರುಗಳನ್ನು ಬೇಗನೆ ಇಳಿದು, ಬೆಟ್ಟದ ಬುಡಕ್ಕೂ ಕಡಲಿಗೂ ನಡುವೆ ಇರುವ ಇಕ್ಕಟ್ಟಾದ ಮೆಕ್ಕಲು ಬಯಲಿನಲ್ಲಿ ಹರಿವು ಕಳೆದುಕೊಂಡು, ತಗ್ಗುಗಳಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಹೆಚ್ಚಿನ ಮರಗಳ ಬೇರುಗಳು ಉಸಿರುಗಟ್ಟಿ ಕೊಳೆಯುವ ಅಂಥ ಜೌಗು ನೆಲದಲ್ಲಿ ತಾಳೆ ಜಾತಿಯ ಮರಗಳೇ ಪ್ರಧಾನವಾಗಿ, ಬಳ್ಳಿಗಳು ಅವುಗಳ ನಡುವೆ ಹೆಣೆದುಕೊಂಡು ಬೆಳೆದ ಮಳೆಕಾಡೊಂದು ರೂಪುಗೊಂಡಿದೆ. ಡೈನ್‌ಟ್ರೀ ನದಿಯ ಉತ್ತರದ ಕೇಪ್ ಟ್ರಿಬ್ಯುಲೇಷನ್ ಸುತ್ತಮುತ್ತ ಮತ್ತು ದಕ್ಷಿಣದ ಮಿಷನ್ ಬೀಚ್ ಬಳಿ ಉಳಿದುಕೊಂಡಿರುವ ಈ ಕಾಡಿನ ತುಣುಕುಗಳು ವಿಸ್ತಾರದಲ್ಲಿ ಸಣ್ಣವು. ಆದರೆ ನೀರು, ಮರ, ಬಳ್ಳಿ, ಹಕ್ಕಿ ಇವುಗಳ ಪರಸ್ಪರ ಅವಲಂಬನೆ ಇಷ್ಟು ನಿಚ್ಚಳವಾಗಿ ಕಾಣುವ ಜಾಗಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

ಈ ಕಾಡುಗಳನ್ನು ವಿಂಗಡಿಸಿ ಗುರುತಿಸಿದ ಕೀರ್ತಿ ಆಸ್ಟ್ರೇಲಿಯಾದ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯಾದ ಸಿಎಸ್‌ಐಆರ್‌ಒದಲ್ಲಿ ದುಡಿದ ಲೆನ್ ವೆಬ್ ಮತ್ತು ಜೆಫ್ ಟ್ರೇಸಿ ಅವರದು. ಮಳೆಕಾಡಿನ ಒಂದೊಂದು ತಾಕಿನಲ್ಲಿಯೂ ನೂರಾರು ಪ್ರಭೇದದ ಮರಗಳು ಬೆರೆತಿರುವಾಗ ಪ್ರಧಾನ ಮರದ ಹೆಸರಿನಿಂದ ಕಾಡನ್ನು ಕರೆಯುವುದು ಸಾಧ್ಯವಿರಲಿಲ್ಲವಾದ್ದರಿಂದ, ಕಾಡಿನ ಒಟ್ಟು ರೂಪವನ್ನೇ ಆಧಾರವಾಗಿಟ್ಟುಕೊಂಡ ವರ್ಗೀಕರಣವನ್ನು ವೆಬ್ 1959ರಲ್ಲಿ ಪ್ರಕಟಿಸಿದರು. ಮೇಲಾವರಣದ ಮರಗಳ ಎಲೆ ಎಷ್ಟು ದೊಡ್ಡದು, ಬಳ್ಳಿಗಳು ಎಷ್ಟು ದಟ್ಟ, ತಾಳೆ ಅಥವಾ ಜರೀಗಿಡಗಳು ಎದ್ದು ಕಾಣುತ್ತವೆಯೇ ಎಂಬಂಥ ಲಕ್ಷಣಗಳು ಅವರ ಅಳತೆಗೋಲುಗಳಾದವು. ಎಲೆಯ ಉದ್ದ ಸಾಮಾನ್ಯವಾಗಿ 12.5 ಸೆಂಟಿಮೀಟರಿಗೂ ಹೆಚ್ಚಿದ್ದರೆ ಅದು ಮೆಸೊಫಿಲ್ ಬಳ್ಳಿಕಾಡು, 7.5ರಿಂದ 12.5 ಸೆಂಟಿಮೀಟರಿನೊಳಗಿದ್ದರೆ ನೋಟೊಫಿಲ್ ಬಳ್ಳಿಕಾಡು. ಎತ್ತರ ಹೆಚ್ಚಿ, ಚಳಿ ಹೆಚ್ಚಿ, ಮಣ್ಣಿನ ಸಾರ ಕಡಿಮೆಯಾದಂತೆ ಎಲೆಯೂ ಕಿರಿದಾಗುವುದರಿಂದ ಈ ಒಂದು ಅಳತೆಯೇ ಕಾಡಿನ ಹವೆ ಮತ್ತು ನೆಲದ ಬಗ್ಗೆ ಬಹಳಷ್ಟನ್ನು ಹೇಳುತ್ತದೆ. ಮುಂದೆ 1982ರಲ್ಲಿ ಟ್ರೇಸಿ ಪ್ರಕಟಿಸಿದ ಗ್ರಂಥದಲ್ಲಿ ತಾಳೆ ಪ್ರಧಾನವಾದ ಮೆಸೊಫಿಲ್ ಬಳ್ಳಿಕಾಡಿಗೆ ಪ್ರತ್ಯೇಕ ಸ್ಥಾನ ಸಿಕ್ಕಿತು. ತೆಂಗಿನಂತೆ ಗರಿಯಾಗಿ ಸೀಳಿದ ಎಲೆಯ ಅಲೆಕ್ಸಾಂಡ್ರಾ ತಾಳೆ ಹೆಚ್ಚಾಗಿರುವುದು ಅದರಲ್ಲಿ ಒಂದು ಬಗೆ. ದುಂಡನೆಯ ಎಲೆಯ ಬೀಸಣಿಗೆ ತಾಳೆ ಹೆಚ್ಚಾಗಿರುವುದು ಇನ್ನೊಂದು ಬಗೆ.

ಬೀಸಣಿಗೆ ತಾಳೆಯ ಶಾಸ್ತ್ರೀಯ ಹೆಸರು ಲಿಕುವಾಲಾ ರ‍್ಯಾಮ್ಸೇಯಿ. ಕ್ವೀನ್ಸ್‌ಲ್ಯಾಂಡಿನ ಉತ್ತರ ಭಾಗವನ್ನು ಬಿಟ್ಟರೆ ಸಹಜವಾಗಿ ಬೇರೆಲ್ಲಿಯೂ ಬೆಳೆಯದ ಈ ಮರ 15 ಮೀಟರಿಗೂ ಮೀರಿ ಎತ್ತರವಾಗುತ್ತದೆ. ಅದರ ಎಲೆ ಪೂರ್ತಿ ಬಿಚ್ಚಿಕೊಂಡಾಗ ಅಡ್ಡಳತೆ 2 ಮೀಟರಿನವರೆಗೂ ಇರಬಹುದು. ನೆರಿಗೆ ಹಿಡಿದ ಈ ಎಲೆ, ಕಡ್ಡಿಗಳ ಮೇಲೆ ಬಿಗಿದ ಕೊಡೆಯಂತೆ ತೊಟ್ಟಿನ ತುದಿಯಿಂದ ಸುತ್ತಲೂ ಚಾಚಿಕೊಂಡು, ಬುಡದವರೆಗೂ ತ್ರಿಕೋನಾಕಾರದ ಹೋಳುಗಳಾಗಿ ಸೀಳಿರುತ್ತದೆ. ನೆರಿಗೆಯಿಂದಾಗಿ ತೆಳುವಾದ ಎಲೆಗೂ ಗಡುಸುತನ ಬರುತ್ತದೆ. ಸೀಳುಗಳಿಂದಾಗಿ ಗಾಳಿ ಮತ್ತು ಮಳೆಯ ಹೊಡೆತ ಎಲೆಯನ್ನು ಹರಿಯದೆ ಹಾದುಹೋಗುತ್ತದೆ. ಇಷ್ಟು ಅಗಲವಾದ ಎಲೆ ಇರುವುದರಿಂದ ಎತ್ತರದ ಮರಗಳ ನೆರಳಿನಲ್ಲಿ ಬೆಳೆಯುವ ಎಳೆಯ ತಾಳೆಗೂ ಬದುಕಲು ಸಾಕಾಗುವಷ್ಟು ಬೆಳಕು ದಕ್ಕುತ್ತದೆ.

ತಾಳೆಗಳ ದೇಹರಚನೆಯೇ ಇತರ ಮರಗಳದ್ದಕ್ಕಿಂತ ಬೇರೆ ಎಂಬುದನ್ನು ಇಲ್ಲಿ ವಿವರವಾಗಿ ಗಮನಿಸಬೇಕು, ಏಕೆಂದರೆ ಈ ಕಾಡಿನ ಸಂರಕ್ಷಣೆಯ ಅನೇಕ ತೊಡಕುಗಳಿಗೆ ಮೂಲ ಅಲ್ಲಿದೆ. ಹಲಸು, ಮಾವು, ಹೊನ್ನೆಗಳಂಥ ದ್ವಿದಳ ಮರಗಳಲ್ಲಿ ತೊಗಟೆಯ ಒಳಗೆ ಕ್ಯಾಂಬಿಯಂ ಎಂಬ ತೆಳುವಾದ ಬೆಳವಣಿಗೆಯ ಪದರವಿದ್ದು, ಅದು ವರ್ಷವರ್ಷವೂ ಕಾಂಡವನ್ನು ದಪ್ಪಗೊಳಿಸುತ್ತದೆ, ಗಾಯವಾದರೆ ಮುಚ್ಚುತ್ತದೆ. ಏಕದಳ ಸಸ್ಯವಾದ ತಾಳೆಗೆ ಆ ಪದರವಿಲ್ಲ. ಅದರ ಕಾಂಡದಲ್ಲಿ ನೀರು ಮತ್ತು ಆಹಾರವನ್ನು ಸಾಗಿಸುವ ನಾಳಗಳ ಕಟ್ಟುಗಳು ಚದುರಿದಂತೆ ಹುದುಗಿದ್ದು, ಅವು ಮರದ ಇಡೀ ಆಯುಷ್ಯವೂ ಜೀವಂತವಾಗಿ ಕೆಲಸ ಮಾಡಬೇಕಾಗುತ್ತದೆ. ಎಳೆಯ ತಾಳೆ ಮೊದಲು ನೆಲಮಟ್ಟದಲ್ಲಿಯೇ ಎಲೆಗಳನ್ನು ಬಿಡುತ್ತ, ಮುಂದಿನ ಕಾಂಡಕ್ಕೆ ಬೇಕಾದ ದಪ್ಪವನ್ನು ಬುಡದಲ್ಲಿ ಸಿದ್ಧಪಡಿಸಿಕೊಂಡ ಮೇಲಷ್ಟೇ ಮೇಲಕ್ಕೆ ಏಳುತ್ತದೆ. ಲಿಕುವಾಲಾದಲ್ಲಿ ಈ ಸಿದ್ಧತೆ ಬಹಳ ನಿಧಾನವಾದುದು, ಬೀಜ ಮೊಳೆಯಲು ಕೂಡ ತಿಂಗಳುಗಳೇ ಬೇಕು. ಬೆಳವಣಿಗೆಯೆಲ್ಲ ತುದಿಯ ಒಂದೇ ಮೊಗ್ಗಿನಲ್ಲಿ ಕೇಂದ್ರೀಕೃತವಾಗಿರುವುದರಿಂದ ಆ ಮೊಗ್ಗು ಮುರಿದರೆ ಮರವೇ ಸಾಯುತ್ತದೆ. ಪಕ್ಕದಿಂದ ಚಿಗುರಿ ಮರುಹುಟ್ಟು ಪಡೆಯುವ ಅವಕಾಶ ಅದಕ್ಕಿಲ್ಲ. ಕಡಿದ ಬೀಸಣಿಗೆ ತಾಳೆಯ ಕಾಡು ಒಂದು ತಲೆಮಾರಿನೊಳಗೆ ಮರಳಿ ಮೊದಲಿನಂತಾಗುವುದಿಲ್ಲ ಎಂಬ ಮಾತು ಆ ಮರದ ಒಳರಚನೆಯಿಂದಲೇ ಹೊರಡುವ ತೀರ್ಮಾನ.

ಅಲೆಕ್ಸಾಂಡ್ರಾ ತಾಳೆ ಇದಕ್ಕೆ ಹೋಲಿಸಿದರೆ ಚುರುಕಾಗಿ ಬೆಳೆಯುವ ಮರ. ಬೆಳಕು ಬಿದ್ದ ಒದ್ದೆ ನೆಲವನ್ನು ಅದು ಬೇಗನೆ ಆಕ್ರಮಿಸಿಕೊಳ್ಳುತ್ತದೆ. ಅದರ ಕೆಂಪು ಹಣ್ಣುಗಳನ್ನು ತಿನ್ನುವ ಹಕ್ಕಿಗಳು ಬೀಜವನ್ನು ದೂರದೂರಕ್ಕೆ ಹರಡುತ್ತವೆ. ಕಪ್ಪು ತಾಳೆ ಎಂದು ಕರೆಸಿಕೊಳ್ಳುವ ನಾರ್ಮನ್‌ಬಿಯಾ, ತನ್ನ ಕುಲದಲ್ಲಿ ತಾನೊಂದೇ ಪ್ರಭೇದವಾಗಿದ್ದು, ಡೈನ್‌ಟ್ರೀ ಮತ್ತು ಅದರ ಉತ್ತರದ ತಗ್ಗುಪ್ರದೇಶಕ್ಕೆ ಹೆಚ್ಚುಕಡಿಮೆ ಸೀಮಿತವಾಗಿದೆ.

ತಾಳೆಗಳ ಈ ಲೋಕದಲ್ಲಿ ಬಳ್ಳಿಯಾಗಿ ಬೆಳೆಯುವ ತಾಳೆಯೂ ಇದೆ. ಅದು ಬೆತ್ತ. ಕ್ಯಾಲಮಸ್ ಕುಲಕ್ಕೆ ಸೇರಿದ ಎಂಟು ಜಾತಿಯ ಬೆತ್ತಗಳು ಆಸ್ಟ್ರೇಲಿಯಾದಲ್ಲಿ ಸಹಜವಾಗಿ ಬೆಳೆಯುತ್ತವೆ. ಮಲೆನಾಡಿನ ಹಳ್ಳಕೊಳ್ಳಗಳಲ್ಲಿ ಬೆಳೆದು ಬುಟ್ಟಿ, ತೊಟ್ಟಿಲು, ಕುರ್ಚಿಗಳಾಗಿ ಕನ್ನಡಿಗರಿಗೆ ಪರಿಚಿತವಾಗಿರುವ ಬೆತ್ತಗಳೂ ಇದೇ ಕುಲದವು. ನೆಟ್ಟಗೆ ನಿಲ್ಲಲು ಬೇಕಾದ ದಪ್ಪ ಕಾಂಡವನ್ನು ಕಟ್ಟಿಕೊಳ್ಳುವ ಗೋಜಿಗೆ ಹೋಗದ ಬೆತ್ತ, ಹಿಂದಕ್ಕೆ ಬಾಗಿದ ಮುಳ್ಳುಗಳುಳ್ಳ ಚಾವಟಿಯಂಥ ಉದ್ದನೆಯ ಎಳೆಗಳನ್ನು ಗಾಳಿಗೆ ಚಾಚಿ, ಸಿಕ್ಕಿದ ಕೊಂಬೆಗೆ ಕೊಕ್ಕೆ ಹಾಕಿ ಬೆಳಕಿನತ್ತ ಏರುತ್ತದೆ. ಇದಲ್ಲದೆ ಕೈಯಳತೆಗೂ ಮೀರಿದ ಉದ್ದದ ಕಾಯಿ ಬಿಡುವ ಎಂಟಾಡಾ, ಕಾಂಡಕ್ಕೆ ಅಂಟುಬೇರು ಊರಿ ಹತ್ತುವ ಪೋಥೋಸ್, ಕೇದಗೆಯ ಹತ್ತಿರದ ಸಂಬಂಧಿಯಾದ ಫ್ರೇಸಿನೆಷಿಯಾ ಹೀಗೆ ಬಳ್ಳಿಗಳ ಬಗೆ ಹಲವು. ಮರಬಳ್ಳಿಗಳ ತೆಳು ಕಾಂಡದೊಳಗೆ ನೀರು ಸಾಗಿಸುವ ನಾಳಗಳು ಅಸಾಮಾನ್ಯವಾಗಿ ಅಗಲವಾಗಿದ್ದು, ಕಡಿಮೆ ಕಟ್ಟಿಗೆಯಿಂದ ಹೆಚ್ಚು ಎಲೆಗಳಿಗೆ ನೀರುಣಿಸಲು ಅವಕ್ಕೆ ಸಾಧ್ಯವಾಗುತ್ತದೆ. ಮರ ಬಿದ್ದು ತೆರೆದ ಕಂಡಿಯನ್ನು ಬಳ್ಳಿಗಳು ಬೇಗನೆ ಮುಚ್ಚಿ ಒಳಗಿನ ತೇವವನ್ನು ಹಿಡಿದಿಡುತ್ತವೆ, ಮರದಿಂದ ಮರಕ್ಕೆ ಹೋಗುವ ಪ್ರಾಣಿಗಳಿಗೆ ದಾರಿಯಾಗುತ್ತವೆ, ಹೂವು ಹಣ್ಣುಗಳಿಂದ ಆಹಾರವನ್ನೂ ಒದಗಿಸುತ್ತವೆ.

ತಾಳೆ ಜೌಗಿನ ಅಂಚು ದಾಟಿ ಅದಕ್ಕೆ ತಾಗಿದ ಇಳಿಜಾರಿನ ಕಾಡಿಗೆ ಬಂದರೆ ಬಳ್ಳಿಗಳ ಇತಿಹಾಸ ಇನ್ನೂ ಆಳಕ್ಕೆ ಒಯ್ಯುತ್ತದೆ. ಸಿರಿಲ್ ವೈಟ್ 1933ರಲ್ಲಿ ವಿವರಿಸಿದ ಆಸ್ಟ್ರೊಬೈಲಿಯಾ ಸ್ಕ್ಯಾಂಡೆನ್ಸ್ ಎಂಬ ಮರಬಳ್ಳಿ ತನ್ನ ಇಡೀ ಸಸ್ಯಕುಟುಂಬದಲ್ಲಿ ಉಳಿದಿರುವ ಒಂದೇ ಪ್ರಭೇದ. ಕೊಳೆತ ವಾಸನೆಯಿಂದ ನೊಣಗಳನ್ನು ಕರೆದು ಪರಾಗಸ್ಪರ್ಶ ಮಾಡಿಸಿಕೊಳ್ಳುವ ಈ ಬಳ್ಳಿ ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಅತ್ಯಂತ ಮೊದಲು ಕವಲೊಡೆದ ಕೆಲವೇ ಶಾಖೆಗಳಲ್ಲೊಂದಕ್ಕೆ ಸೇರಿದ್ದೆಂದು 1999ರ ಸುಮಾರಿನ ಡಿಎನ್‌ಎ ಅಧ್ಯಯನಗಳು ತೋರಿಸಿದವು. ಇಡಿಯೊಸ್ಪರ್ಮಮ್ ಎಂಬ ಮರದ ಕತೆಯೂ ಅಷ್ಟೇ ಗಮನಾರ್ಹ. ಜರ್ಮನ್ ಸಸ್ಯವಿಜ್ಞಾನಿ ಲುಡ್ವಿಗ್ ಡೀಲ್ಸ್ 1902ರಲ್ಲಿ ಸಂಗ್ರಹಿಸಿದ ಮೇಲೆ ಮತ್ತೆ ಕಾಣದೆ ನಶಿಸಿತೆಂದೇ ಭಾವಿಸಲಾಗಿದ್ದ ಅದು, 1971ರಲ್ಲಿ ಡೈನ್‌ಟ್ರೀ ಪ್ರದೇಶದ ದನಗಳು ವಿಷಕಾರಿ ಬೀಜಗಳನ್ನು ತಿಂದು ಸತ್ತಾಗ, ಅವುಗಳ ಹೊಟ್ಟೆಯಲ್ಲಿದ್ದ ಬೀಜಗಳಿಂದ ಮತ್ತೆ ಬೆಳಕಿಗೆ ಬಂತು. ಸಾಮಾನ್ಯ ಸಸ್ಯಗಳ ಬೀಜದಲ್ಲಿ ಒಂದೋ ಎರಡೋ ಬೀಜದಳಗಳಿದ್ದರೆ ಇದರಲ್ಲಿ ಮೂರು, ನಾಲ್ಕು, ಕೆಲವೊಮ್ಮೆ ಅದಕ್ಕೂ ಹೆಚ್ಚು ಇರುತ್ತವೆ. ಇಷ್ಟು ದೊಡ್ಡ, ಇಷ್ಟು ವಿಷದ ಬೀಜವನ್ನು ನುಂಗಿ ದೂರಕ್ಕೆ ಒಯ್ಯುವ ಪ್ರಾಣಿ ಇಂದು ಇಲ್ಲದಿರುವುದರಿಂದ ಮರವು ಕೆಲವೇ ಕಣಿವೆಗಳಿಗೆ ಸೀಮಿತವಾಗಿ ಉಳಿದಿದೆ.

ಬೀಜ ಒಯ್ಯುವ ಪ್ರಾಣಿಯ ಮಹತ್ವ ಕ್ಯಾಸೋವರಿ ಎಂಬ ಹಕ್ಕಿಯ ವಿಷಯದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಆಳೆತ್ತರದ, ಹಾರಲಾರದ ಈ ಹಕ್ಕಿ ನೆಲಕ್ಕೆ ಬಿದ್ದ ಹಣ್ಣುಗಳನ್ನು ಇಡಿಯಾಗಿ ನುಂಗಿ, ತಿರುಳನ್ನಷ್ಟೇ ಜೀರ್ಣಿಸಿಕೊಂಡು, ಬೀಜಗಳನ್ನು ಬೇರೆಡೆ ಹಿಕ್ಕೆಯೊಂದಿಗೆ ಬಿಡುತ್ತದೆ. ಇತರ ಹಕ್ಕಿಗಳ ಬಾಯಿಗೆ ಹಿಡಿಸದ ದೊಡ್ಡ ಬೀಜಗಳಿಗೆ ಇದೇ ಪ್ರಮುಖ ವಾಹಕ. ಇನ್ನೂರಕ್ಕೂ ಹೆಚ್ಚು ಪ್ರಭೇದದ ಸಸ್ಯಗಳ ಹಣ್ಣನ್ನು ಇದು ತಿನ್ನುತ್ತದೆ, ಬೀಸಣಿಗೆ ತಾಳೆಯ ಹಣ್ಣೂ ಅವುಗಳಲ್ಲೊಂದು. ಡೈನ್‌ಟ್ರೀಯ ತಗ್ಗುನಾಡಿನ ವಿರಳ ಮರವಾದ ರೈಪರೋಸಾದ ಬೀಜಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಿರುಳು ಹಾಗೆಯೇ ಉಳಿದ ಹಣ್ಣಿನ ಬೀಜಗಳಲ್ಲಿ ಶೇಕಡಾ 4ರಷ್ಟು ಮಾತ್ರ ಮೊಳೆತರೆ ಕ್ಯಾಸೋವರಿಯ ಹೊಟ್ಟೆ ಹಾದುಬಂದ ಬೀಜಗಳಲ್ಲಿ ಶೇಕಡಾ 92ರಷ್ಟು ಮೊಳೆತವು. ತಿರುಳಿಗೆ ಮುತ್ತುವ ಹಣ್ಣುನೊಣಗಳ ಹುಳುಗಳಿಂದ ಬೀಜ ಪಾರಾಗುವುದು ಇದಕ್ಕೆ ಒಂದು ಮುಖ್ಯ ಕಾರಣ. ಮೊಟ್ಟೆಗೆ ಸುಮಾರು 50 ದಿನ ಕಾವು ಕೊಟ್ಟು, ಮರಿಗಳನ್ನು ತಿಂಗಳುಗಟ್ಟಲೆ ಜೊತೆಗೆ ಕರೆದೊಯ್ದು ಸಾಕುವುದು ಗಂಡು ಹಕ್ಕಿಯಾದ್ದರಿಂದ, ರಸ್ತೆಯಲ್ಲಿ ಒಂದು ಗಂಡು ವಾಹನಕ್ಕೆ ಸಿಕ್ಕರೆ ಆ ವರ್ಷದ ಒಂದು ಸಂಸಾರವೇ ಅಳಿಯುತ್ತದೆ. ಆರ್ದ್ರ ಉಷ್ಣವಲಯ ಎಂದು ಕರೆಯಲಾಗುವ ಈ ಪ್ರದೇಶದಲ್ಲಿ ಉಳಿದಿರುವ ಕ್ಯಾಸೋವರಿಗಳು ಸುಮಾರು 4,400 ಎಂದು ಸಿಎಸ್‌ಐಆರ್‌ಒ 2014ರಲ್ಲಿ ಅಂದಾಜಿಸಿತ್ತು.

ಕಾಡಿನ ಮೂಲನಿವಾಸಿಗಳಿಗೆ ಈ ಸಸ್ಯಸಂಪತ್ತು ದಿನಬಳಕೆಯ ಜ್ಞಾನವಾಗಿತ್ತು. ಮಿಷನ್ ಬೀಚ್ ಸೀಮೆಯ ಜಿರು, ಡೈನ್‌ಟ್ರೀಯ ಪೂರ್ವ ಕುಕು ಯಲಂಜಿ, ಟಲ್ಲಿ ಸುತ್ತಿನ ಗಿರಮಾಯ್ ಮತ್ತು ಜಿರ್‌ಬಾಲ್ ಜನರು ಬೆತ್ತವನ್ನು ಸೀಳಿ ಎರಡು ಮೂಲೆ ಚಾಚಿದ ಬುಟ್ಟಿಗಳನ್ನು ಹೆಣೆಯುತ್ತಿದ್ದರು. ಜಾವುನ್ ಎನ್ನಲಾಗುವ ಈ ಬುಟ್ಟಿ ಆಹಾರ ಹೊರುವುದಕ್ಕೂ, ವಿಷದ ಬೀಜಗಳನ್ನು ಹರಿಯುವ ನೀರಿನಲ್ಲಿ ಇಳಿಬಿಟ್ಟು ವಿಷ ತೊಳೆಯುವುದಕ್ಕೂ ಒದಗುತ್ತಿತ್ತು. ಬೇರೆಲ್ಲಿಯೂ ಕಾಣದ ಈ ಹೆಣಿಗೆ ಇಂದಿಗೂ ಜೀವಂತವಾಗಿದೆ. ತಾಳೆಯ ಅಗಲ ಎಲೆ ಸೂರು ಹೊದಿಸಲು, ಆಹಾರ ಸುತ್ತಲು ಬಳಕೆಯಾಗುತ್ತಿತ್ತು.

1880ರ ದಶಕದಿಂದೀಚೆಗೆ ಕಬ್ಬು ಈ ಬಯಲಿಗೆ ಬಂದಾಗ ಪರಿಸ್ಥಿತಿ ಬದಲಾಯಿತು. ಕಬ್ಬಿಗೆ ಬೇಕಾದದ್ದು ಸಮತಟ್ಟಾದ ಮೆಕ್ಕಲು ನೆಲ. ತಾಳೆಕಾಡು ನಿಂತಿದ್ದದ್ದೂ ಅಲ್ಲಿಯೇ. ಟಲ್ಲಿಯ ಸಕ್ಕರೆ ಕಾರ್ಖಾನೆ 1925ರಲ್ಲಿ ಆರಂಭವಾಯಿತು. ಕಾಡು ಕಡಿದದ್ದಕ್ಕಿಂತಲೂ ಆಳವಾದ ಹಾನಿಯನ್ನು ಉಂಟುಮಾಡಿದ್ದು ಬಸಿಗಾಲುವೆಗಳೆಂದೇ ಹೇಳಬೇಕು. ಕಡಿಯದೆ ಬಿಟ್ಟ ತಾಳೆಕಾಡಿನ ಪಕ್ಕದ ಗದ್ದೆಯಲ್ಲಿ ತೋಡಿದ ಕಾಲುವೆ, ಕಾಡಿನೊಳಗಿನ ನೀರನ್ನೂ ಸೆಳೆದುಕೊಂಡು ನೆಲದ ನೀರಿನ ಮಟ್ಟವನ್ನು ತಗ್ಗಿಸುತ್ತದೆ. ಬೆಳೆದುನಿಂತ ತಾಳೆಗಳು ಹಲವು ವರ್ಷ ಹಸಿರಾಗಿಯೇ ಉಳಿಯುವುದರಿಂದ ಹೊರನೋಟಕ್ಕೆ ಏನೂ ಆಗಿಲ್ಲವೆಂದು ತೋರಿದರೂ, ಅವುಗಳಡಿಯ ಒಣಗಿದ ನೆಲದಲ್ಲಿ ಬೇರೆ ಮರಗಳ ಸಸಿಗಳು ತಳವೂರಿ ತಾಳೆಯ ಮುಂದಿನ ಪೀಳಿಗೆಯ ಜಾಗವನ್ನು ಕಸಿಯುತ್ತವೆ. ಇದೇ ಬಗೆಯ ಪ್ರಕ್ರಿಯೆಯನ್ನು ಕರ್ನಾಟಕ ಬಲ್ಲದು. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಡೆ ಉಳಿದಿರುವ ರಾಮಪತ್ರೆ ಜಡ್ಡಿಗಳು, ಉಸಿರಾಟಕ್ಕಾಗಿ ನೆಲದ ಮೇಲೆ ಬೇರುಗಳನ್ನು ಎತ್ತಿ ನಿಲ್ಲುವ ಜಾಜಿಕಾಯಿ ಕುಟುಂಬದ ಮರಗಳ ಜೌಗುಕಾಡುಗಳು. ಅವುಗಳಲ್ಲಿ ಬಹುಪಾಲು ಗದ್ದೆಯಾಗಿ, ಅಡಿಕೆ ತೋಟವಾಗಿ ಮಾರ್ಪಟ್ಟದ್ದು ನೀರನ್ನು ಬೇರೆಡೆ ತಿರುಗಿಸಿದ್ದರಿಂದಲೇ. ಜಾಜಿಕಾಯಿಯ ಮಿರಿಸ್ಟಿಕಾ ಕುಲದ ಮರ ಕ್ವೀನ್ಸ್‌ಲ್ಯಾಂಡಿನ ತಗ್ಗುಕಾಡುಗಳಲ್ಲಿಯೂ ಇದೆ.

ಸಂರಕ್ಷಣೆಯ ಹೋರಾಟ ಸಾರ್ವಜನಿಕ ಗಮನ ಸೆಳೆದದ್ದು 1983ರ ಕೊನೆಯಲ್ಲಿ, ಕೇಪ್ ಟ್ರಿಬ್ಯುಲೇಷನ್‌ನಿಂದ ಬ್ಲೂಮ್‌ಫೀಲ್ಡ್ ಕಡೆಗೆ ಮಳೆಕಾಡಿನ ನಡುವೆ ರಸ್ತೆ ಕಡಿಯಲು ಹೊರಟ ಬುಲ್ಡೋಜರುಗಳನ್ನು ಜನರು ಅಡ್ಡಗಟ್ಟಿದಾಗ. ರಸ್ತೆ 1984ರಲ್ಲಿ ಆಗಿಯೇ ತೀರಿತು. ಆದರೆ ಆ ಪ್ರತಿಭಟನೆ ಎಬ್ಬಿಸಿದ ಚರ್ಚೆ ತಣ್ಣಗಾಗಲಿಲ್ಲ. ರಾಜ್ಯ ಸರ್ಕಾರದ ತೀವ್ರ ವಿರೋಧದ ನಡುವೆಯೂ ಬಾಬ್ ಹಾಕ್ ನೇತೃತ್ವದ ಕೇಂದ್ರ ಸರ್ಕಾರ ಈ ಕಾಡುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೂಚಿಸಿ, 1988ರ ಡಿಸೆಂಬರಿನಲ್ಲಿ ಸುಮಾರು 8,94,000 ಹೆಕ್ಟೇರ್ ಪ್ರದೇಶಕ್ಕೆ ಆ ಮಾನ್ಯತೆ ದೊರೆಯಿತು, ಅದರೊಳಗೆ ಮರ ಕಡಿತ ನಿಂತಿತು. ಇದು ದೊಡ್ಡ ಗೆಲುವು. ಆದರೂ ಆ ಗಡಿರೇಖೆಯೊಳಗೆ ಬಂದದ್ದು ಬಹುಮಟ್ಟಿಗೆ ಸರ್ಕಾರಿ ಒಡೆತನದ ಬೆಟ್ಟಗಾಡು. ತಾಳೆಗಳು ಬೆಳೆಯುವ ಸಮತಟ್ಟು ನೆಲದ ಬಹುಪಾಲು ಆ ವೇಳೆಗಾಗಲೇ ಖಾಸಗಿಯವರ ಕೈಸೇರಿತ್ತು. ಡೈನ್‌ಟ್ರೀ ನದಿಯ ಉತ್ತರದ ತಗ್ಗುನಾಡಿನಲ್ಲಂತೂ 1980ರ ದಶಕದ ಆರಂಭದಲ್ಲಿ ಸಾವಿರಕ್ಕೂ ಹೆಚ್ಚು ನಿವೇಶನಗಳ ಬಡಾವಣೆಗೆ ಅನುಮತಿ ಸಿಕ್ಕಿತ್ತು. ಅಂದು ಒಂದು ಸಹಿಯಿಂದ ಹಂಚಿಹೋದ ಕಾಡನ್ನು ಅಲ್ಲಿಂದೀಚೆಗೆ ಸರ್ಕಾರಗಳೂ ದಾನಿಗಳ ಹಣದಿಂದ ನಡೆಯುವ ಸಂಸ್ಥೆಗಳೂ ಒಂದೊಂದೇ ನಿವೇಶನವಾಗಿ ಮರಳಿ ಕೊಳ್ಳುತ್ತ ಬಂದಿವೆ.

ಕೊಂಡು ಬೇಲಿ ಹಾಕಿದ ಮಾತ್ರಕ್ಕೆ ಕಾಡು ಸುರಕ್ಷಿತವಾಗುವುದಿಲ್ಲವೆಂಬುದಕ್ಕೆ ಕಳೆಗಳು ಸಾಕ್ಷಿ. ಸೀತಾಫಲದ ಕುಲಕ್ಕೇ ಸೇರಿದ ಅಮೆರಿಕಾ ಮೂಲದ ಜೌಗುಫಲವನ್ನು, ಅನೋನಾ ಗ್ಲಾಬ್ರಾವನ್ನು, ಒದ್ದೆ ನೆಲದಲ್ಲಿ ಸೀತಾಫಲದ ಜಾತಿಗಳಿಗೆ ಕಸಿಬೇರಾಗಿ ಬಳಸಲೆಂದು 20ನೇ ಶತಮಾನದ ಆರಂಭದಲ್ಲಿ ಕ್ವೀನ್ಸ್‌ಲ್ಯಾಂಡಿಗೆ ತರಲಾಯಿತು. ಸಿಹಿನೀರಿನಲ್ಲಿಯೂ ಉಪ್ಪುನೀರಿನಲ್ಲಿಯೂ ತೇಲಿ ಹೋಗುವ ಅದರ ಬೀಜಗಳು ಪ್ರವಾಹದೊಂದಿಗೆ ಜೌಗುಗಳನ್ನು ಹೊಕ್ಕು, ಬೇರೆ ಸಸಿಗಳಿಗೆ ಎಡೆಯಿಲ್ಲದಂತೆ ದಟ್ಟೈಸುತ್ತವೆ. ಕಾಡನ್ನು ಬಿತ್ತುವ ಕ್ಯಾಸೋವರಿಯೇ ಅದರ ಹಣ್ಣನ್ನೂ ತಿಂದು ಹರಡುವುದರಿಂದ ನಿಯಂತ್ರಣ ಇನ್ನಷ್ಟು ಕಠಿಣವಾಗಿದೆ. ಕರ್ನಾಟಕದ ಮಲೆನಾಡಿನಲ್ಲಿ ಕಮ್ಯುನಿಸ್ಟ್ ಗಿಡ, ಯುಪಟೋರಿಯಂ ಎಂದೆಲ್ಲ ಪರಿಚಿತವಾದ ಕಳೆ ಆಸ್ಟ್ರೇಲಿಯಾದಲ್ಲಿ ಮೊದಲು ಪತ್ತೆಯಾದದ್ದೂ 1994ರಲ್ಲಿ, ಇದೇ ಮಿಷನ್ ಬೀಚ್ ಆಸುಪಾಸಿನಲ್ಲಿ. ಕಾಡುಬಿದ್ದ ಹಂದಿಗಳು ಜೌಗು ನೆಲವನ್ನು ಅಗೆದು ಮೊಳಕೆಗಳನ್ನು ನಾಶಮಾಡುತ್ತವೆ.

ಚಂಡಮಾರುತ ಈ ಕಾಡಿಗೆ ಹೊಸದೇನಲ್ಲ. ಅದು ಇಲ್ಲಿನ ಕಾಡಿನ ರೂಪವನ್ನೇ ನಿರ್ಧರಿಸುವ ಶಕ್ತಿ ಎಂದು ವೆಬ್ 1958ರಷ್ಟು ಹಿಂದೆಯೇ ಬರೆದಿದ್ದರು. 2006ರ ಮಾರ್ಚ್ 20ರಂದು ಇನ್ನಿಸ್‌ಫೈಲ್ ಬಳಿ ಅಪ್ಪಳಿಸಿದ ಲ್ಯಾರಿ, 2011ರ ಫೆಬ್ರವರಿ 3ರಂದು ಮಿಷನ್ ಬೀಚ್ ಬಳಿ ಅಪ್ಪಳಿಸಿದ ಯಾಸಿ, ಇವೆರಡೂ ಐದೇ ವರ್ಷಗಳ ಅಂತರದಲ್ಲಿ ಒಂದೇ ಸೀಮೆಯ ಮೇಲಾವರಣವನ್ನು ಹರಿದುಹಾಕಿದವು. ಹಣ್ಣಿಲ್ಲದೆ ಕಂಗೆಟ್ಟ ಕ್ಯಾಸೋವರಿಗಳಿಗೆ ಸರ್ಕಾರವೇ ಆಹಾರ ಇಡಬೇಕಾಯಿತು. ಬಾಗಿ ಏಳಬಲ್ಲ ನಾರುಕಾಂಡದ ತಾಳೆಗಳು ಗಾಳಿಯನ್ನು ತಾಳಿಕೊಳ್ಳಬಲ್ಲವು, ಆದರೆ ಮುಚ್ಚಳ ಕಳೆದುಕೊಂಡ ಕಾಡಿನಲ್ಲಿ ಬೆಳಕಿನ ಪ್ರವಾಹಕ್ಕೆ ಮೊದಲು ಓಗೊಡುವುದು ಬಳ್ಳಿಗಳು. ಅಖಂಡ ಕಾಡಿನಲ್ಲಿ ಗಾಯ ಮುಚ್ಚುವ ಬಳ್ಳಿಯೇ, ಸುತ್ತಲೂ ಕಬ್ಬಿನ ಗದ್ದೆಯಿರುವ ಸಣ್ಣ ತುಣುಕಿನಲ್ಲಿ ಎಲ್ಲ ಬದಿಯಿಂದಲೂ ಬೆಳಕು ಪಡೆದು, ಮುರಿದ ಮರಗಳನ್ನು ಗೋಪುರಗಳಂತೆ ಹೊದ್ದು ವರ್ಷಗಟ್ಟಲೆ ಸಸಿಗಳನ್ನು ಮೇಲೇಳಗೊಡದೆ ಅದುಮುತ್ತದೆ. ಆದ್ದರಿಂದ ಬಳ್ಳಿ ಕಡಿಯುವುದು ಸಂರಕ್ಷಣೆಯೋ ಹಾನಿಯೋ ಎಂಬ ಪ್ರಶ್ನೆಗೆ ಕಾಡಿನ ತುಣುಕು ಎಷ್ಟು ದೊಡ್ಡದು ಎಂಬುದನ್ನು ನೋಡದೆ ಉತ್ತರ ಹೇಳುವಂತಿಲ್ಲ.

2021ರಲ್ಲಿ ಎರಡು ಮಹತ್ವದ ನಿರ್ಧಾರಗಳಾದವು. ಸೆಪ್ಟೆಂಬರಿನಲ್ಲಿ ಡೈನ್‌ಟ್ರೀ ರಾಷ್ಟ್ರೀಯ ಉದ್ಯಾನವೂ ಸೇರಿದಂತೆ 1,60,000 ಹೆಕ್ಟೇರಿಗೂ ಹೆಚ್ಚು ನೆಲದ ಒಡೆತನ ಪೂರ್ವ ಕುಕು ಯಲಂಜಿ ಜನರಿಗೆ ಮರಳಿ, ಅವರೂ ರಾಜ್ಯ ಸರ್ಕಾರವೂ ಕೂಡಿ ಅದನ್ನು ನಿರ್ವಹಿಸುವ ಏರ್ಪಾಡಾಯಿತು. ಅದೇ ವರ್ಷ ಈ ಪ್ರದೇಶದ ತಗ್ಗುನಾಡಿನ ಮಳೆಕಾಡನ್ನು ಅಳಿವಿನಂಚಿನ ಜೀವಸಮುದಾಯವೆಂದು ರಾಷ್ಟ್ರೀಯ ಪರಿಸರ ಕಾನೂನಿನಡಿ ಘೋಷಿಸಲಾಯಿತು. ನೆಲಮಟ್ಟದ ಕೆಲಸವೂ ನಡೆದಿದೆ: ಮಿಷನ್ ಬೀಚಿನ ಸಮುದಾಯ ಸಂಘಟನೆಯೊಂದು ಕ್ಯಾಸೋವರಿಯ ಹಿಕ್ಕೆಯಿಂದ ಬೀಜ ಆಯ್ದು, ನರ್ಸರಿಯಲ್ಲಿ ಸಸಿ ಮಾಡಿ, ಕಾಡಿನ ತುಣುಕುಗಳನ್ನು ಬೆಸೆಯುವ ಪಟ್ಟಿಗಳಲ್ಲಿ ನೆಡುತ್ತ ಬಂದಿದೆ. ಹೀಗೆ ನೆಡುವಾಗ ಮೊದಲು ಬೇಗ ಬೆಳೆಯುವ, ಬಿಸಿಲು ಸಹಿಸುವ ಮರಗಳನ್ನು ಎಬ್ಬಿಸಿ, ಅವುಗಳ ನೆರಳು ಕೂಡಿದ ಮೇಲೆ ಬೀಸಣಿಗೆ ತಾಳೆಯಂಥ ನಿಧಾನದ ಗಿಡಗಳನ್ನು ತರಬೇಕಾಗುತ್ತದೆ. ಜೊತೆಗೆ ಆ ನೆಲದ ಬಸಿಗಾಲುವೆಯನ್ನು ಮುಚ್ಚದಿದ್ದರೆ ತಾಳೆ ನೆಟ್ಟೂ ಫಲವಿಲ್ಲ. ಕಾಲುವೆ ಮುಚ್ಚಿದರೆ ನೀರು ಪಕ್ಕದ ಕಬ್ಬಿನ ಗದ್ದೆಗೂ ಹಿಮ್ಮೆಟ್ಟುವುದರಿಂದ, ಒಂದು ಜೌಗನ್ನು ಮರಳಿ ಜೌಗಾಗಿಸುವ ನಿರ್ಧಾರ ಆ ಹಳ್ಳದುದ್ದಕ್ಕೂ ಜಮೀನಿರುವ ರೈತರೆಲ್ಲರ ಒಪ್ಪಿಗೆಯನ್ನೂ, ಬೆಳೆನಷ್ಟಕ್ಕೆ ನ್ಯಾಯವಾದ ಪರಿಹಾರವನ್ನೂ ಬೇಡುತ್ತದೆ.